ಹೇಳಲರಿದು, ಹೇಳಲು ಕಷ್ಟ: ಗುಣವಾಚಕದೊಡನೆ ಬರುವ ಕ್ರಿಯಾರೂಪದ ಚರಿತ್ರೆ

ಹೈದರಾಬಾದಿನ ಪಶ್ಚಿಮ ಭಾಗದ ಕೊಂಡಾಪುರದಲ್ಲಿ ಹೊಸದಾಗಿ ಎದ್ದ ಯಾವ ವಸತಿ ಸಮುಚ್ಚಯದ ಮುಂದೆ ನಿಂತರೂ ‘ರೆಡಿ ಟು ಆಕ್ಯುಪೈ’ ಎಂಬ ಫಲಕ ಕಣ್ಣಿಗೆ ಬೀಳುತ್ತದೆ. ಸೈನ್ಯವೊಂದು ‘ರೆಡಿ ಟು ಆಕ್ಯುಪೈ’ ಎಂದರೆ ಆಕ್ರಮಿಸುವುದು ಸೈನ್ಯ. ಮನೆಯನ್ನು ಕುರಿತು ಅದೇ ಮಾತನ್ನು ಹೇಳಿದರೆ ಆಕ್ರಮಣಕ್ಕೆ ಒಳಗಾಗುವುದು ಮನೆ. ಒಂದು ಗುಣವಾಚಕ, ಅದರ ಹಿಂದೆ ಒಂದು ‘ಟು’, ಒಂದು ಕ್ರಿಯಾಪದ. ರಚನೆ ಒಂದೇ, ಸಂಬಂಧ ಎರಡು. ಕೆಲವು ಕಟ್ಟಡಗಳ ಮುಂದೆ ಇದು ‘ರೆಡಿ ಟು ಮೂವ್’ ಎಂದಾಗಿ, ಕಟ್ಟಡವೇ ಹೊರಡಲು ಸಿದ್ಧವಾಗಿದೆಯೋ ಎಂಬ ಶಂಕೆಗೆ ಎಡೆಮಾಡುತ್ತದೆ. ಕನ್ನಡದಲ್ಲಿ ನಾವು ‘ವಾಸಕ್ಕೆ ಸಿದ್ಧ’ ಎಂದು ಬರೆದು ಈ ತೊಡಕಿನಿಂದ ಪಾರಾಗುತ್ತೇವೆ. ಆ ‘ಕ್ಕೆ’ಯ ಚರಿತ್ರೆಯೇ ಪ್ರಸ್ತುತ ಲೇಖನದ ವಸ್ತು.

ಈ ವಿಷಯದತ್ತ ನನ್ನ ಗಮನ ಹರಿದದ್ದಕ್ಕೆ ಒಂದು ಚಿಕ್ಕ ಕಾರಣವಿದೆ. ಹಲವು ವರ್ಷಗಳ ಹಿಂದೆ ನಾನು ಬರೆದ ಲೇಖನವೊಂದರಲ್ಲಿ ‘ಈ ಗ್ರಂಥ ಓದಲು ಸುಲಭ’ ಎಂಬ ವಾಕ್ಯವಿತ್ತು. ಪತ್ರಿಕೆಯ ಸಂಪಾದಕರು ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಇಂಗ್ಲಿಷ್ ಜಾಡು’ ಎಂದು ಗುರುತಿಸಿ, ‘ಈ ಗ್ರಂಥವನ್ನು ಓದುವುದು ಸುಲಭ’ ಎಂದು ತಿದ್ದಿದ್ದರು. ಅಲು-ರೂಪದ ಬಳಿಕ ಗುಣವಾಚಕ ಬಂದರೆ ಅದು ಇಂಗ್ಲಿಷಿನ ಅನುಕರಣೆ ಎಂಬ ನಂಬಿಕೆ ಕನ್ನಡ ಅಧ್ಯಾಪಕರಲ್ಲಿ ಸಾಕಷ್ಟು ಬೇರೂರಿದೆ. ಇತ್ತ ಇಂಗ್ಲಿಷ್ ಅಧ್ಯಾಪಕರು ಕನ್ನಡ ವಿದ್ಯಾರ್ಥಿಯ ‘ಕೇಪಬಲ್ ಟು ಡೂ’ ಎಂಬ ಪ್ರಯೋಗವನ್ನು ಕನ್ನಡದ ಜಾಡು ಎಂದು ಕೆಂಪು ಶಾಯಿಯಲ್ಲಿ ಸುತ್ತುತ್ತಾರೆ. ಎರಡು ಭಾಷೆಗಳೂ ಪರಸ್ಪರರ ಮೇಲೆ ದೋಷವನ್ನು ಹೊರಿಸುತ್ತಿರುವಾಗ ದಾಖಲೆ ಏನು ಹೇಳುತ್ತದೆ ಎಂಬುದನ್ನು ನೋಡುವುದು ಯುಕ್ತ.

ಮೊದಲು ಹಳೆಯ ವ್ಯಾಕರಣಗಳತ್ತ. ಇಂಥಿಂಥ ಅರ್ಥದ ಪದಗಳೊಡನೆ ಮಾತ್ರ ಈ ಕ್ರಿಯಾರೂಪ ಬರುತ್ತದೆ ಎಂದು ಅರ್ಥದ ಆಧಾರದಿಂದ ಪದಗಳನ್ನು ಗುಂಪು ಮಾಡುವ ಕ್ರಮ ಇಂಗ್ಲಿಷ್ ನಿಘಂಟುಕಾರರ ಕಾಣಿಕೆಯೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಆದರೆ ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ನಾಲ್ಕನೆಯ ಪಾದದ 66ನೆಯ ಸೂತ್ರ ಮಾಡುವುದು ಇದನ್ನೇ: ಸಾಕಾದದ್ದು, ಸಮರ್ಥವಾದದ್ದು ಎಂಬ ಅರ್ಥದ ಪದಗಳು ಜೊತೆಯಲ್ಲಿದ್ದಾಗ ತುಮುನ್ ಪ್ರತ್ಯಯ ಬರುತ್ತದೆ ಎಂದು ಪಾಣಿನಿ ವಿಧಿಸುತ್ತಾನೆ. ಅದರ ಹಿಂದಿನ ಸೂತ್ರದಲ್ಲಿ ಶಕ್ತಿ, ಧೈರ್ಯ, ಅರಿವು, ಆಯಾಸ ಮೊದಲಾದ ಅರ್ಥದ ಧಾತುಗಳ ಪಟ್ಟಿಯೇ ಇದೆ. ಕನ್ನಡ ವ್ಯಾಕರಣಗಳು ಸಂಸ್ಕೃತದ ಚೌಕಟ್ಟನ್ನು ಒಪ್ಪಿಕೊಂಡವು. ಆದರೆ ಈ ಒಂದು ಅಂಶವನ್ನು ಬೆಳೆಸಲಿಲ್ಲ. ನಮ್ಮ ಶಾಲಾ ವ್ಯಾಕರಣಗಳಲ್ಲಿ ‘ಮಾಡಲು’, ‘ಮಾಡಲಿಕ್ಕೆ’ ಎಂಬ ರೂಪಗಳು ‘ಮಾಡುತ್ತ’, ‘ಮಾಡದೆ’ಗಳ ಸಾಲಿನಲ್ಲಿ ಕೃದಂತಾವ್ಯಯಗಳಾಗಿ ನಿಂತುಬಿಡುತ್ತವೆ. ಅವು ಯಾವ ಪದವನ್ನು ಬಯಸುತ್ತವೆ, ಯಾವುದನ್ನು ಸಹಿಸುವುದಿಲ್ಲ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಪರದೇಶೀಯರು ಬರೆದ ವ್ಯಾಕರಣಗಳ ತೊಂದರೆ ಬೇರೆ. ವಿಲಿಯಂ ಕೇರಿಯ ವ್ಯಾಕರಣ 1817ರಲ್ಲಿ ಸೀರಾಂಪುರದಲ್ಲಿಯೂ ಮೆಕೆರೆಲನದು 1820ರಲ್ಲಿ ಮದ್ರಾಸಿನಲ್ಲಿಯೂ ಅಚ್ಚಾದವು. ಹಾಡ್ಸನ್ನನ ವ್ಯಾಕರಣ 1859ರಲ್ಲಿ, ಕಿಟ್ಟೆಲರದು 1903ರಲ್ಲಿ ಬಂದವು. ಇವು ಕನ್ನಡವನ್ನು ಯುರೋಪಿನ ವ್ಯಾಕರಣದ ಶೀರ್ಷಿಕೆಗಳ ಕೆಳಗೆ ಜೋಡಿಸುವವು. ‘ಅಡ್ಜೆಕ್ಟಿವ್’ ಎಂಬ ಕೋಣೆ ಮೊದಲೇ ಸಿದ್ಧವಿತ್ತು, ಅದನ್ನು ತುಂಬಬೇಕಿತ್ತು. ಕಾಲ್ಡ್ವೆಲ್ ಮಾತ್ರ 1856ರ ತನ್ನ ತೌಲನಿಕ ವ್ಯಾಕರಣದಲ್ಲಿ, ದ್ರಾವಿಡದ ಗುಣವಾಚಕಗಳು ವಾಸ್ತವವಾಗಿ ಗುಣವನ್ನು ಸೂಚಿಸುವ ನಾಮಪದಗಳು, ಇನ್ನೊಂದು ನಾಮಪದದ ಹಿಂದೆ ನಿಂತಾಗ ವಿಶೇಷಣದ ಕೆಲಸ ಮಾಡುತ್ತವೆ, ಎಂಬ ನಿಲುವನ್ನು ತಳೆದ. ಈ ಮಾತು ನಮ್ಮ ಪ್ರಶ್ನೆಗೆ ಮುಖ್ಯ. ‘ಹೇಳಲು ಕಷ್ಟ’ದಲ್ಲಿರುವ ‘ಕಷ್ಟ’ಕ್ಕೆ ಬಹುವಚನವುಂಟು, ವಿಭಕ್ತಿಯುಂಟು, ಇಂಗ್ಲಿಷಿನ ‘ಹಾರ್ಡ್’ಗೆ ಅವೆರಡೂ ಇಲ್ಲ. ಆದ್ದರಿಂದ ಇವೆರಡನ್ನೂ ಸಮಾನ ರಚನೆಗಳೆಂದು ಕರೆಯುವಾಗಲೇ ಒಂದು ಹೆಜ್ಜೆ ತಪ್ಪಿರುತ್ತೇವೆ.

ಈಗ ಅಲು-ರೂಪದೊಡನೆ ಇಂದು ಬರುವ ಪದಗಳನ್ನು ಸಾಲಾಗಿ ಬರೆದು ನೋಡಬಹುದು: ಸಿದ್ಧ, ಸಮರ್ಥ, ಯೋಗ್ಯ, ಅರ್ಹ, ಸುಲಭ, ಕಷ್ಟ, ಅಸಾಧ್ಯ, ಉತ್ಸುಕ. ಎಲ್ಲವೂ ಸಂಸ್ಕೃತದಿಂದ ಬಂದವು. ಹಾಗಾದರೆ ಅಚ್ಚಗನ್ನಡ ಈ ಅರ್ಥಗಳನ್ನು ಹೇಗೆ ಹೇಳುತ್ತಿತ್ತು? ಹೇಳುತ್ತಿತ್ತು, ಧಾರಾಳವಾಗಿ ಹೇಳುತ್ತಿತ್ತು. ಆದರೆ ಗುಣವಾಚಕದಿಂದಲ್ಲ, ಪೂರ್ಣ ರೂಪಾವಳಿಯಿಲ್ಲದ ಕ್ರಿಯಾಪದಗಳಿಂದ. ‘ಹೇಳಬಲ್ಲ’, ‘ಹೇಳಲಾರ’, ‘ಹೇಳಲೊಲ್ಲ’, ‘ಹೇಳಬಾರದು’, ‘ಹೇಳತಕ್ಕ’ ಇವುಗಳಲ್ಲಿ ಮೊದಲ ಭಾಗ ಅಲ್ ಅಥವಾ ಅ ಪ್ರತ್ಯಯದ ರೂಪ. ಎರಡನೆಯದು ಸಾಮರ್ಥ್ಯ, ಅಸಾಮರ್ಥ್ಯ, ಅನಿಚ್ಛೆ, ನಿಷೇಧ, ಯೋಗ್ಯತೆಗಳನ್ನು ಹೊತ್ತ ಕ್ರಿಯೆ. ‘ಸಮರ್ಥ’ನ ಕೆಲಸವನ್ನು ‘ಬಲ್ಲ’ನೂ ‘ಯೋಗ್ಯ’ನ ಕೆಲಸವನ್ನು ‘ತಕ್ಕ’ನೂ ಮಾಡುತ್ತಿದ್ದರು. ‘ಗಮನಿಸತಕ್ಕ ಅಂಶ’ ಎಂದು ನಾವು ಇಂದಿಗೂ ಬರೆಯುತ್ತೇವೆ. ಪಾಣಿನಿಯ ಸೂತ್ರದ ಅರ್ಥವಲಯಕ್ಕೂ ಈ ಕನ್ನಡ ಕ್ರಿಯೆಗಳ ಅರ್ಥವಲಯಕ್ಕೂ ಇರುವ ಹೊಂದಿಕೆ ಆಶ್ಚರ್ಯಕರವಾದದ್ದು.

ಇವುಗಳ ಪೈಕಿ ‘ಅರಿದು’ ಎಂಬ ಪದಕ್ಕೆ ವಿಶೇಷ ಸ್ಥಾನವಿದೆ. ಹಳಗನ್ನಡದಲ್ಲಿ ಇದಕ್ಕೆ ‘ಕಷ್ಟವಾದದ್ದು, ಅಸಾಧ್ಯವಾದದ್ದು’ ಎಂದು ಅರ್ಥ. ತಮಿಳಿನ ‘ಅರಿದು’, ತೆಲುಗಿನ ‘ಅರುದು’ ಇದರ ಸೋದರರು. ‘ಹೇಳಲರಿದು’ ಎಂದರೆ ನಾವು ಇಂದು ಹೇಳುವ ‘ಹೇಳಲು ಕಷ್ಟ’ವೇ ಹೊರತು ಬೇರೆಯಲ್ಲ. ತಿಳಿ ಎಂಬ ಅರ್ಥದ ‘ಅಱಿ’ ಧಾತುವಿನಿಂದ ಆದ ‘ಅಱಿದು’ ಬೇರೆ ಪದ, ಅದರಲ್ಲಿರುವುದು ಶಕಟರೇಫ. ಶಕಟರೇಫವು ಸಾಮಾನ್ಯ ರೇಫದಲ್ಲಿ ಲೀನವಾದಂತೆ ಎರಡೂ ಪದಗಳು ಒಂದೇ ಉಚ್ಚಾರಣೆಗೆ ಬಂದವು. ‘ಕಷ್ಟ’ ಎಂಬುದೂ ‘ತಿಳಿದು’ ಎಂಬುದೂ ಒಂದೇ ಧ್ವನಿಯಲ್ಲಿ ಕೇಳಿಸತೊಡಗಿದಾಗ ಯಾವುದಾದರೊಂದು ಹಿಂದೆ ಸರಿಯಲೇಬೇಕು. ‘ಅರಿದು’ ಕಾವ್ಯಭಾಷೆಗೆ ಸರಿದು, ಅದರ ಸ್ಥಾನವನ್ನು ‘ಕಷ್ಟ’ ಹಿಡಿಯಿತು ಎಂದು ನಾನು ಊಹಿಸುತ್ತೇನೆ. ಅಂದರೆ ಪದ ಬದಲಾಯಿತು, ಚೌಕಟ್ಟು ಉಳಿಯಿತು. ಇಂಗ್ಲಿಷ್ ಈ ನೆಲಕ್ಕೆ ಕಾಲಿಡುವುದಕ್ಕೆ ಶತಮಾನಗಳ ಮೊದಲೇ ಈ ಚೌಕಟ್ಟು ಇತ್ತು ಎಂಬುದರಲ್ಲಿ ಸಂದೇಹವಿಲ್ಲ.

ಆದರೂ ನನ್ನ ವಾಕ್ಯವನ್ನು ತಿದ್ದಿದ ಸಂಪಾದಕರ ಕಿವಿ ಪೂರ್ತಿ ತಪ್ಪಿರಲಿಲ್ಲ. ಇದನ್ನು ವಿವರಿಸಲು ಇಂಗ್ಲಿಷಿನ ಕಡೆಗೆ ತುಸು ಹೊರಳಬೇಕು. 1960ರಲ್ಲಿ ರಾಬರ್ಟ್ ಲೀಸ್ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಇಂಗ್ಲಿಷಿನ ಈ ರಚನೆಯ ಬಹ್ವರ್ಥತೆಯನ್ನು ವಿಶ್ಲೇಷಿಸಿದ. 1964ರಲ್ಲಿ ಚಾಮ್‌ಸ್ಕಿ ‘ಈಗರ್ ಟು ಪ್ಲೀಸ್’ ಮತ್ತು ‘ಈಸಿ ಟು ಪ್ಲೀಸ್’ ಎಂಬ ಜೋಡಿಯನ್ನು ಜಗತ್ಪ್ರಸಿದ್ಧಗೊಳಿಸಿದ. ಮೊದಲನೆಯದರಲ್ಲಿ ಮೆಚ್ಚಿಸುವವನು ಕರ್ತೃ. ಎರಡನೆಯದರಲ್ಲಿ ಅವನೇ ಮೆಚ್ಚಿಕೆ ಪಡೆಯುವವನು. 1985ರಲ್ಲಿ ಕ್ವರ್ಕ್ ಮತ್ತು ಸಂಗಡಿಗರ ಬೃಹತ್ ವ್ಯಾಕರಣ ಈ ಒಂದು ರಚನೆಯಲ್ಲೇ ಏಳು ಬಗೆಗಳನ್ನು ಗುರುತಿಸಿತು. ತಿನ್ನಲು ಸಿದ್ಧವಾದ ಆಹಾರವನ್ನು ಕುರಿತ ‘ರೆಡಿ’ ಅಲ್ಲಿ ತಾನೇ ಒಂದು ಬಗೆ.

ಕನ್ನಡದಲ್ಲಿ ಈ ಜೋಡಿ ಮೇಲ್ನೋಟಕ್ಕೇ ಬೇರೆಯಾಗುತ್ತದೆ. ‘ಅವನು ಮೆಚ್ಚಿಸಲು ಆತುರನಾಗಿದ್ದಾನೆ’ ಎನ್ನಬಹುದು. ‘ಅವನು ಮೆಚ್ಚಿಸಲು ಸುಲಭ’ ಎಂದರೆ ಕಿವಿಗೆ ಕಲ್ಲು ತಾಗಿದಂತಾಗುತ್ತದೆ. ‘ಅವನನ್ನು ಮೆಚ್ಚಿಸುವುದು ಸುಲಭ’ ಎಂದೇ ಹೇಳಬೇಕು. ಹಾಗಿದ್ದರೆ ‘ಈ ಪುಸ್ತಕ ಓದೋಕೆ ಸುಲಭ’ ಎಂದು ಹಳ್ಳಿಯ ಹುಡುಗನೂ ಸರಾಗವಾಗಿ ಹೇಳುವುದು ಹೇಗೆ? ಉತ್ತರ ದ್ವಿತೀಯಾ ವಿಭಕ್ತಿಯಲ್ಲಿದೆ ಎಂದು ನನಗೆ ತೋರುತ್ತದೆ. ಅಚೇತನ ವಸ್ತುವನ್ನು ಹೇಳುವಾಗ ಕನ್ನಡ ದ್ವಿತೀಯೆಯ ಪ್ರತ್ಯಯವನ್ನು ಬಿಡಬಲ್ಲದು: ‘ಪುಸ್ತಕ ಓದಿದೆ’, ‘ನೀರು ಕುಡಿದೆ’. ಆದ್ದರಿಂದ ‘ಪುಸ್ತಕ ಓದೋಕೆ ಸುಲಭ’ದಲ್ಲಿ ‘ಪುಸ್ತಕ’ ಕರ್ತೃಪದವೂ ಆಗಿರಬಹುದು, ಪ್ರತ್ಯಯ ಕಳೆದುಕೊಂಡ ಕರ್ಮಪದವೂ ಆಗಿರಬಹುದು; ಕೇಳುವವನಿಗೆ ನಿರ್ಣಯಿಸುವ ಅಗತ್ಯವಿಲ್ಲ. ‘ಅವನು’ ಎಂಬುದಕ್ಕೆ ಆ ಸ್ವಾತಂತ್ರ್ಯವಿಲ್ಲ. ಆದುದರಿಂದ ಮನುಷ್ಯವಾಚಿಯಲ್ಲಿ ಈ ರಚನೆ ಮುರಿಯುತ್ತದೆ, ವಸ್ತುವಾಚಿಯಲ್ಲಿ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಮನುಷ್ಯನಿಗೂ ವಸ್ತುವಿಗೂ ಈ ಭೇದವಿಲ್ಲ. ಅನುವಾದಕರು ಮನುಷ್ಯವಾಚಿಗೂ ಇದನ್ನು ಹಬ್ಬಿಸಿದಾಗ ಮಾತ್ರ ‘ಇಂಗ್ಲಿಷ್ ಜಾಡು’ ಎಂಬ ಟೀಕೆ ನ್ಯಾಯವಾಗುತ್ತದೆ.

ಇನ್ನೊಂದು ಗುಂಪಿದೆ: ನೋಡಲು ಚೆಂದ, ಕೇಳಲು ಇಂಪು, ತಿನ್ನಲು ರುಚಿ. ಇಲ್ಲಿ ಮನುಷ್ಯವಾಚಿಗೂ ಅಡ್ಡಿಯಿಲ್ಲ. ‘ಅವಳು ನೋಡಲು ಚೆಂದ’ ಎಂಬುದನ್ನು ಯಾರೂ ತಿದ್ದುವುದಿಲ್ಲ. ಕಾರಣವನ್ನು ನಡುಗನ್ನಡದಲ್ಲಿ ಹುಡುಕಬೇಕು. ಕುಮಾರವ್ಯಾಸನ ಕಾಲದ ಕಥನಭಾಷೆಯಲ್ಲಿ ಅಲು-ರೂಪಕ್ಕೆ ‘ಆಗ, ಒಡನೆ’ ಎಂಬ ಕಾಲಸೂಚಕ ಅರ್ಥ ಬಹಳ ಬಳಕೆಯಲ್ಲಿತ್ತು. ‘ಎನಲು’ ಎಂದರೆ ‘ಎಂದಾಗ’. ಆ ಅರ್ಥದಲ್ಲಿ ‘ನೋಡಲು ಚೆಂದ’ ಎಂದರೆ ‘ನೋಡಿದಾಗ ಚೆಂದ’. ಉದ್ದೇಶಾರ್ಥದ ‘ನೋಡುವ ಸಲುವಾಗಿ’ ಇಲ್ಲಿ ಮೂಲವಲ್ಲದೆ ಇರಬಹುದು. ನೆರೆಭಾಷೆಗಳ ಸಾಕ್ಷ್ಯ ಕುತೂಹಲಕರವಾಗಿದೆ. ಹಿಂದಿಯಲ್ಲಿ ‘ದೇಖನೇ ಮೇಂ ಸುಂದರ್’ ಎಂದು ಸಪ್ತಮಿ ಬರುತ್ತದೆ. ಮರಾಠಿಯಲ್ಲಿ ‘ದಿಸಾಯಲಾ ಸುಂದರ’ ಎಂದು ಚತುರ್ಥಿ. ಆಡುಗನ್ನಡದಲ್ಲಿ ‘ನೋಡ್ಲಿಕ್ಕೆ ಚೆಂದ’ ಎಂದು ಚತುರ್ಥಿಯೇ. ಮರಾಠಿ ಇಲ್ಲಿ ಉತ್ತರದ ಬಂಧುವನ್ನು ಬಿಟ್ಟು ದಕ್ಷಿಣದ ನೆರೆಯವಳ ಕೈಹಿಡಿದಿದೆ. ಯಾರಿಂದ ಯಾರಿಗೆ ಎಂಬ ವಾದಕ್ಕೆ ನಾನು ಇಲ್ಲಿ ಹೋಗುವುದಿಲ್ಲ. ಹೊರನಾಡಿನಲ್ಲಿರುವ, ಎರಡೂ ಭಾಷೆಗಳನ್ನು ಬಲ್ಲ ಸಂಶೋಧಕರು ಇದಕ್ಕೆ ನಮಗಿಂತ ಹೆಚ್ಚು ಅರ್ಹರು.

ಚತುರ್ಥಿಯ ಮಾತು ಬಂದಿತು. ಬರಹದ ‘ಹೇಳಲು’ ಎಂಬ ಬರಿಯ ರೂಪವನ್ನು ಆಡುಮಾತಿನಲ್ಲಿ ‘ಕಷ್ಟ’ದೊಡನೆ ಯಾರೂ ಬಳಸುವುದಿಲ್ಲ. ಕರಾವಳಿಯಲ್ಲಿಯೂ ಕಾಸರಗೋಡಿನಲ್ಲಿಯೂ ‘ಹೇಳ್ಲಿಕ್ಕೆ’, ಮೈಸೂರಿನ ಕಡೆ ‘ಹೇಳೋಕೆ’, ಧಾರವಾಡದಲ್ಲಿ ‘ಹೇಳಾಕ’, ಕಲಬುರಗಿ-ಬೀದರಗಳಲ್ಲಿ ‘ಹೇಳ್ಲಾಕ’. ಮೈಸೂರಿನ ರೂಪ ‘ಹೇಳುವುದಕ್ಕೆ’ ಎಂಬುದರ ಸವೆತ. ಉಳಿದವು ‘ಹೇಳಲ್’ ಎಂಬುದಕ್ಕೆ ಚತುರ್ಥಿ ಸೇರಿದವು. ಹೈದರಾಬಾದಿನಲ್ಲಿ ನೆಲೆಸಿದ ಕಲ್ಯಾಣ ಕರ್ನಾಟಕದ ಕನ್ನಡಿಗರಿಗೆ ತೆಲುಗಿನ ‘ಚೆಪ್ಪಡಾನಿಕಿ ಕಷ್ಟಂ’ ಕಲಿಯುವಾಗ ಎಡರು ತೋರದಿರುವುದು ಇದರಿಂದಲೇ. ಅಲ್ಲಿಯೂ ಭಾವನಾಮ, ಅದರ ಮೇಲೆ ಚತುರ್ಥಿ. ಇನ್ನೂ ವಿಚಿತ್ರವೆಂದರೆ ಪ್ರಾಚೀನ ಇಂಗ್ಲಿಷಿನ ಸ್ಥಿತಿಯೂ ಇದೇ. ಆ ಕಾಲದಲ್ಲಿ ‘ಟೋ’ ಎಂಬ ಉಪಸರ್ಗದ ಬಳಿಕ ಕ್ರಿಯೆಯ ಭಾವರೂಪವು ಚತುರ್ಥಿಯ ‘ಎನ್ನೆ’ ಎಂಬ ಅಂತ್ಯವನ್ನು ಪಡೆಯುತ್ತಿತ್ತು. ಮಧ್ಯಕಾಲೀನ ಇಂಗ್ಲಿಷಿನಲ್ಲಿ ಅಂತ್ಯ ಕಳಚಿ ‘ಟು’ ಬರಿಯ ಗುರುತಾಗಿ ಉಳಿಯಿತು. ಇಂಗ್ಲಿಷ್ ತನ್ನ ಚತುರ್ಥಿಯನ್ನು ಕಳೆದುಕೊಂಡಿತು; ಆಡುಗನ್ನಡ ಉಳಿಸಿಕೊಂಡಿತು.

ಈ ರಚನೆಯನ್ನು ಭಾರತದಲ್ಲಿ ಪಾಠವಾಗಿ ಕಲಿಸಿದ ಚರಿತ್ರೆಗೂ ಹೈದರಾಬಾದಿಗೂ ನಿಕಟ ಸಂಬಂಧವಿದೆ. ಟೋಕಿಯೋದಲ್ಲಿ ಹೆರಾಲ್ಡ್ ಪಾಮರ್ ಆರಂಭಿಸಿದ ಕೆಲಸವನ್ನು ಮುಂದುವರಿಸಿ ಎ. ಎಸ್. ಹಾರ್ನ್‌ಬಿ 1942ರಲ್ಲಿ ಅಲ್ಲಿಯೇ ಒಂದು ನಿಘಂಟನ್ನು ಪ್ರಕಟಿಸಿದ; 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಮರುಮುದ್ರಿಸಿತು. ಪರಭಾಷಿಕನಿಗೆ ಬೇಕಾದದ್ದು ಪದದ ಅರ್ಥ ಮಾತ್ರವಲ್ಲ, ಅದರ ಹಿಂದೆ ಏನು ಬರುತ್ತದೆ ಎಂಬ ತಿಳಿವಳಿಕೆ ಎಂಬುದು ಅದರ ಮೂಲತತ್ತ್ವ. 1954ರ ಅವನ ಕೈಪಿಡಿಯಲ್ಲಿ ಗುಣವಾಚಕಗಳಿಗೂ ಮಾದರಿಗಳು ಬಂದವು. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಸ್ಥಾಪಿತವಾದಾಗ ಈ ಬಗೆಯ ರಚನಾಧಾರಿತ ಬೋಧನೆಯೇ ಕಾಲದ ಮಂತ್ರವಾಗಿತ್ತು. 1966ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ತೆರಳುವ ಮುನ್ನ ಈ ಸಂಸ್ಥೆಯ ನಿರ್ದೇಶಕರಾಗಿದ್ದವರು ‘ವಿನಾಯಕ’ ಕಾವ್ಯನಾಮದ ವಿ. ಕೃ. ಗೋಕಾಕರು. 1964ರಲ್ಲಿ ಅವರು ಭಾರತದಲ್ಲಿ ಇಂಗ್ಲಿಷಿನ ಸ್ಥಿತಿಗತಿಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. 1980ರ ದಶಕದಲ್ಲಿ ಕನ್ನಡಕ್ಕೆ ಶಾಲೆಯಲ್ಲಿ ಪ್ರಥಮ ಸ್ಥಾನ ಬೇಡಿದ ಚಳವಳಿ ಹೆಸರು ಪಡೆದದ್ದೂ ಅವರಿಂದಲೇ ಎಂಬುದನ್ನು ನೆನೆದರೆ, ಎರಡು ಭಾಷೆಗಳ ನಡುವೆ ಒಬ್ಬ ವ್ಯಕ್ತಿ ಎಷ್ಟು ದೂರ ನಡೆಯಬಹುದೆಂಬುದು ತಿಳಿಯುತ್ತದೆ.

ರಚನಾಧಾರಿತ ಬೋಧನೆ ನಮ್ಮ ತರಗತಿಗಳಲ್ಲಿ ಬಿಟ್ಟುಹೋದ ಗುರುತು ‘ಟೂ...ಟು’. ನನ್ನ ತಲೆಮಾರಿನ ಯಾರನ್ನು ಎಬ್ಬಿಸಿ ಕೇಳಿದರೂ ‘ಸೋ...ದಟ್’ ವಾಕ್ಯವನ್ನು ‘ಟೂ...ಟು’ ವಾಕ್ಯವಾಗಿ ಪರಿವರ್ತಿಸಿ ಒಪ್ಪಿಸುತ್ತಾರೆ. ಆದರೆ ‘ಟೂ ವೀಕ್ ಟು ವಾಕ್’ನಲ್ಲಿ ನಿಷೇಧ ಎಲ್ಲಿ ಅಡಗಿದೆ ಎಂದು ಯಾರೂ ಹೇಳಿಕೊಡಲಿಲ್ಲ. ಕನ್ನಡ ಅದನ್ನು ಬಯಲಿಗೆ ತರುತ್ತದೆ: ‘ನಡೆಯಲಾರದಷ್ಟು ನಿಶ್ಶಕ್ತ’. ಮತ್ತೆ ಅದೇ ‘ಆರ’. ಕನ್ನಡದ ಮೂಲಕ ವಿವರಿಸಿದ್ದರೆ ಅರ್ಧ ಗಂಟೆಯ ಪಾಠ. ಕನ್ನಡವನ್ನು ತರಗತಿಯಿಂದ ಹೊರಗಿಟ್ಟುದರಿಂದ ಅದು ಕಂಠಪಾಠದ ಸೂತ್ರವಾಯಿತು.

ನೈಜ ಬಳಕೆಯ ದಾಖಲೆ ಬಂದದ್ದು ಇದರ ಮುಂದಿನ ಹಂತ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ 1961ರ ಮುದ್ರಿತ ಬರಹಗಳಿಂದ ಹತ್ತು ಲಕ್ಷ ಪದಗಳ ಪಠ್ಯಕೋಶ ಸಿದ್ಧವಾಯಿತು. ಅದೇ ಅಳತೆಯಲ್ಲಿ ಭಾರತೀಯ ಇಂಗ್ಲಿಷಿನ ಪಠ್ಯಕೋಶ ರೂಪುಗೊಂಡದ್ದು ನಮ್ಮ ಗಡಿಗೆ ಅಂಟಿಕೊಂಡ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ, ಎಸ್. ವಿ. ಶಾಸ್ತ್ರಿಯವರ ನೇತೃತ್ವದಲ್ಲಿ, 1986ರಲ್ಲಿ ಅದು ಹೊರಬಂದಿತು. ಸುಮಾರು ಎರಡು ಸಾವಿರ ಪದಗಳ 500 ಮಾದರಿಗಳು; ಆಧಾರ ವರ್ಷ ಮಾತ್ರ 1961 ಅಲ್ಲ, 1978. ಸ್ವಾತಂತ್ರ್ಯ ಬಂದು ಮೂರು ದಶಕ ಕಳೆದ ಮೇಲೆ ಭಾರತೀಯ ಇಂಗ್ಲಿಷಿಗೆ ತನ್ನದೇ ಆದ ರೂಪ ಬಂದಿರುತ್ತದೆ ಎಂಬುದು ಈ ಆಯ್ಕೆಯ ಹಿಂದಿನ ತರ್ಕ. ಕ್ರಿಯೆಗಳೂ ಗುಣವಾಚಕಗಳೂ ಯಾವ ಪೂರಕವನ್ನು ಬಯಸುತ್ತವೆ ಎಂಬುದು ಶಾಸ್ತ್ರಿಯವರ ಆಸಕ್ತಿಯ ಕ್ಷೇತ್ರವೇ ಆಗಿತ್ತು. 1998ರಲ್ಲಿ ಬರ್ಮಿಂಗ್‌ಹ್ಯಾಮಿನ ಕೋಬಿಲ್ಡ್ ಯೋಜನೆ ಗುಣವಾಚಕಗಳನ್ನು ಅವುಗಳ ಮಾದರಿಯಂತೆ, ಮಾದರಿಯೊಳಗೆ ಅರ್ಥದಂತೆ ಗುಂಪು ಮಾಡಿ ಪ್ರಕಟಿಸಿತು. ಪಾಣಿನಿಯ ಕ್ರಮಕ್ಕೆ ಲೋಕ ಮರಳಿತು ಎಂದು ಹೇಳುವ ಆಸೆ ನನಗಿದೆ, ಅದು ಅತಿಯಾದೀತು.

ಇಂಥ ದಾಖಲೆಗಳು ತರಗತಿಯ ಕೆಂಪು ಶಾಯಿಯನ್ನು ಸ್ವಲ್ಪ ತಿಳಿಗೊಳಿಸುತ್ತವೆ. ‘ಇಂಟರೆಸ್ಟೆಡ್’ನ ಬಳಿಕ ‘ಟು’ ಬರಲೇಬಾರದು, ‘ಇನ್’ ಮಾತ್ರ ಬರಬೇಕು ಎಂದು ನಮಗೆ ಕಲಿಸಿದರು. ಆದರೆ ‘ಹಿಯರ್’, ‘ನೋ’, ‘ಸೀ’ಯಂಥ ತಿಳಿವಿನ ಕ್ರಿಯೆಗಳೊಡನೆ ‘ಇಂಟರೆಸ್ಟೆಡ್ ಟು’ ಎಂದು ಇಂಗ್ಲಿಷರೇ ಬರೆಯುತ್ತಾರೆ. ಕನ್ನಡಿಗನು ಅದನ್ನು ‘ಜಾಯಿನ್’, ‘ಲರ್ನ್’ಗಳಿಗೂ ವಿಸ್ತರಿಸುತ್ತಾನೆ, ಅಷ್ಟೇ, ‘ಸೇರಲು ಆಸಕ್ತಿ’, ‘ತಿಳಿಯಲು ಆಸಕ್ತಿ’ ಅವನಿಗೆ ಒಂದೇ. ‘ಏಬಲ್’ ಮತ್ತು ‘ಕೇಪಬಲ್’ಗಳ ಭೇದವೂ ಇಂಥದೇ: ಅರ್ಥ ನೆರೆಹೊರೆ, ಒಂದಕ್ಕೆ ‘ಟು’, ಇನ್ನೊಂದಕ್ಕೆ ‘ಆಫ್’. ಇದರಲ್ಲಿ ತರ್ಕವಿಲ್ಲ, ರೂಢಿಯಿದೆ. ರೂಢಿಯನ್ನು ದಾಖಲೆಯಿಂದ ಕಲಿಸಬೇಕೇ ಹೊರತು ತರ್ಕದಿಂದ ಗದರಿಸಬಾರದು.

ಕನ್ನಡದ ಮಟ್ಟಿಗೆ ಗುಣವಾಚಕವೆಂಬ ವರ್ಗದ ಪ್ರಶ್ನೆಯನ್ನು ಡಿ. ಎನ್. ಶಂಕರ ಭಟ್ಟರು 1994ರ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಅನೇಕ ಭಾಷೆಗಳ ಹಿನ್ನೆಲೆಯಲ್ಲಿ ಚರ್ಚಿಸಿದರು. ಅದಾದ ಕೆಲವೇ ವರ್ಷಗಳಲ್ಲಿ ಹೈದರಾಬಾದಿನಲ್ಲಿ, ಗೋಕಾಕರು ನಡೆಸಿದ ಅದೇ ಸಂಸ್ಥೆಯಲ್ಲಿ, ಆರ್. ಅಮೃತವಲ್ಲಿ ಮತ್ತು ಕೆ. ಎ. ಜಯಶೀಲನ್ ಕನ್ನಡದ ಅಲು-ರೂಪವನ್ನೂ ಗುಣವಾಚಕವನ್ನೂ ಹೊಸದಾಗಿ ಪರಿಶೀಲಿಸಿದರು. ‘ಬರಲಿಲ್ಲ’ ಎಂಬುದು ‘ಬರಲ್’ ಮತ್ತು ‘ಇಲ್ಲ’ಗಳ ಕೂಟ, ಅಂದರೆ ನಮ್ಮ ಭೂತಕಾಲದ ನಿಷೇಧದೊಳಗೆ ಕುಳಿತಿರುವುದು ಅಲು-ರೂಪವೇ ಎಂಬುದರ ಮಹತ್ತ್ವವನ್ನು ಅಮೃತವಲ್ಲಿಯವರು ಎತ್ತಿ ತೋರಿಸಿದರು. ‘ಹುಡುಗ ಉದ್ದಕ್ಕೆ ಇದ್ದಾನೆ’ ಎಂಬಂಥ ವಾಕ್ಯಗಳಲ್ಲಿ ಗುಣವು ನಾಮಪದವಾಗಿದ್ದು ಚತುರ್ಥಿಯ ಮೂಲಕ ಕರ್ತೃವಿಗೆ ಅಂಟುತ್ತದೆ ಎಂಬುದು ಅವರಿಬ್ಬರ ವಾದದ ಒಂದು ಎಳೆ. ಕಾಲ್ಡ್ವೆಲ್ ಸ್ಥೂಲವಾಗಿ ಕಂಡದ್ದು ಇಲ್ಲಿ ಸೂಕ್ಷ್ಮವಾಯಿತು. ಬರಹವೆಲ್ಲವೂ ಇಂಗ್ಲಿಷಿನಲ್ಲಿದ್ದುದರಿಂದ ಕನ್ನಡ ವಿಭಾಗಗಳ ಪಠ್ಯಗಳಿಗೆ ಅದು ತಲುಪಿದ್ದು ಅತ್ಯಲ್ಪ; ಸಂಸ್ಥೆ 1972ರಲ್ಲಿಯೂ 2007ರಲ್ಲಿಯೂ ಹೆಸರು ಬದಲಿಸಿ ವಿಶ್ವವಿದ್ಯಾಲಯವಾದ ಮೇಲೂ ಈ ಅಂತರ ಉಳಿದಿದೆ.

ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 1990ರ ದಶಕದಲ್ಲಿ ಸಂಗ್ರಹಿಸಿದ ಸುಮಾರು 30 ಲಕ್ಷ ಪದಗಳ ಕನ್ನಡ ಪಠ್ಯಕೋಶವು ಆಧುನಿಕ ಬರಹಕ್ಕೆ ಸೀಮಿತವಾದದ್ದು. ಅದರಿಂದ ‘ಓದಲು ಸುಲಭ’, ‘ಓದುವುದು ಸುಲಭ’ಗಳ ಇಂದಿನ ಪ್ರಮಾಣವನ್ನು ಎಣಿಸಬಹುದು. ‘ಅರಿದು’ ಯಾವ ಶತಮಾನದಲ್ಲಿ ‘ಕಷ್ಟ’ಕ್ಕೆ ಎಡೆಗೊಟ್ಟಿತು, ‘ನೋಡಲು’ ಎಂಬುದರ ‘ನೋಡಿದಾಗ’ ಎಂಬ ಅರ್ಥ ಯಾವ ಕಾವ್ಯದಲ್ಲಿ ‘ನೋಡುವುದಕ್ಕೆ’ ಎಂದು ತಿರುಗಿತು ಎಂಬುದಕ್ಕೆ ಶಾಸನಗಳನ್ನೂ ಷಟ್ಪದಿಗಳನ್ನೂ ಚೀಟಿ ಹಿಡಿದು ಓದಬೇಕು. ಅಂಥ ಚೀಟಿಗಳನ್ನು ನಾನು ಕುಮಾರವ್ಯಾಸನಿಂದ ಆರಂಭಿಸಿದ್ದೇನೆ.